ನಮ್ಮನ್ನು ನಂಬಿ ಹೊಲ ಬಿಟ್ಟುಕೊಟ್ಟವರಿಗೆ

ಮೊನ್ನೆ ಬೋರ್ಡ್ ಇಳಿಸಿದೆವು. ದಾವಣಗೆರೆಯ ನಮ್ಮ ಪುಟ್ಟ ಡ್ರೋನ್ ಕಂಪನಿ ಮುಚ್ಚಿತು. ಬ್ಯಾಂಕಿನ ಲೆಕ್ಕ ಮುಗಿದಿದೆ. ನಿಮಗೆ ಥ್ಯಾಂಕ್ಸ್ ಹೇಳುವುದು ಮಾತ್ರ ಬಾಕಿ.

2021ರ ಆಗಸ್ಟ್‌ನಲ್ಲಿ ಡ್ರೋನ್ ನಿಯಮಗಳು ಸಡಿಲವಾದವು. ನಾವು ನಾಲ್ವರು ಗೆಳೆಯರು ಆಗಲೇ ಕೈಹಾಕಿದ್ದು. 2022ರ ಫೆಬ್ರವರಿಯಲ್ಲಿ ಹೊರದೇಶದ ಡ್ರೋನ್ ಆಮದು ನಿಂತಾಗ, ಇನ್ನು ಇಲ್ಲಿಯವರಿಗೇ ಕೆಲಸ ಅಂತ ಕುಣಿದಾಡಿದ್ದೆವು. ನಾವೇ ಜೋಡಿಸಿ ಮಾರುವ ಆಸೆ. ಆದರೆ ಅದಕ್ಕೆ ಟೈಪ್ ಸರ್ಟಿಫಿಕೇಟ್, ಅಂದರೆ ಆ ಮಾದರಿಯ ಡ್ರೋನ್ ಪರೀಕ್ಷೆಯಲ್ಲಿ ಪಾಸಾಗಿದೆ ಅನ್ನುವ ಪತ್ರ ಬೇಕು. ಪರೀಕ್ಷೆಯ ಖರ್ಚು ನಮ್ಮ ಕೈಗೆ ಮೀರಿತ್ತು. ಸರ್ಟಿಫಿಕೇಟ್ ಇರುವ ಎರಡು ಡ್ರೋನ್ ಸಾಲದಲ್ಲಿ ಕೊಂಡು, ಬಾಡಿಗೆಗೆ ಔಷಧಿ ಹೊಡೆಯಲು ಇಳಿದೆವು.

ಜಗಳೂರು ಕಡೆಯ ಅಜ್ಜ ಒಬ್ಬರು ಮೊದಲು ನೆನಪಾಗುತ್ತಾರೆ. ಮೆಕ್ಕೆಜೋಳ ಆಳೆತ್ತರ ಬೆಳೆದಿತ್ತು. ಸುಳಿಯೊಳಗೆ ಸೈನಿಕ ಹುಳು. ಬೆನ್ನಿಗೆ ಪಂಪು ಕಟ್ಟಿಕೊಂಡು ಅಂಥ ಬೆಳೆಯೊಳಗೆ ಹೊಕ್ಕರೆ ಗರಿ ಮುಖ ಕೊಯ್ಯುತ್ತೆ, ಔಷಧಿ ಮೈಮೇಲೇ ಬೀಳುತ್ತೆ. ಪಂಪಿನಲ್ಲಾದರೆ ಎಕರೆಗೆ ಹತ್ತು ಹನ್ನೆರಡು ಟ್ಯಾಂಕು ನೀರು. ನಾವು ಹತ್ತು ಲೀಟರ್ ಸಾಕು ಅಂದೆವು. ಅಜ್ಜನಿಗೆ ನಂಬಿಕೆ ಬರಲಿಲ್ಲ. ಆದರೂ, "ಹೊಡೀರಪ್ಪಾ, ಹೋದ್ರೆ ಒಂದೆಕ್ರೆ ತಾನೇ" ಅಂದರು. ಹತ್ತು ನಿಮಿಷದೊಳಗೆ ಮುಗಿಯಿತು. ನಾಲ್ಕನೇ ದಿನ ಅವರೇ ಫೋನ್ ಮಾಡಿ ಪಕ್ಕದ ಹೊಲದವರ ನಂಬರ್ ಕೊಟ್ಟರು. ಅಜ್ಜಾ, ಆ ಹಂಗಾಮಿನ ಅರ್ಧ ಕೆಲಸ ನಿಮ್ಮ ಮಾತಿನಿಂದಲೇ ಬಂದದ್ದು.

2023ರಲ್ಲಿ ಬರ ಬಿತ್ತು. ಬೆಳೆಯೇ ಒಣಗುವಾಗ ಔಷಧಿ ಯಾರು ಹೊಡೆಸುತ್ತಾರೆ? ಒಳ್ಳೆಯ ವರ್ಷದಲ್ಲೂ ನಮಗೆ ಕೆಲಸ ಮೂರ್ನಾಲ್ಕು ತಿಂಗಳು. ಕಂತು ಮಾತ್ರ ಹನ್ನೆರಡು ತಿಂಗಳು. ಬ್ಯಾಟರಿಗಳು ಸೊರಗಿದವು, ಹೊಸ ಸೆಟ್ಟಿಗೆ ದುಡ್ಡಿರಲಿಲ್ಲ.

ಮುಂದಿನ ಮುಂಗಾರಿನಲ್ಲಿ ಒಂದು ಡ್ರೋನ್ ಕರೆಂಟಿನ ತಂತಿಗೆ ತಗುಲಿ ಬಿತ್ತು. ತಂತಿ ನೋಡದೆ ಹಾರಿಸಿದ್ದು ನಮ್ಮದೇ ತಪ್ಪು. ಆ ಹೊಲದ ಅಣ್ಣ ಒಂದು ಮಾತೂ ಬೈಯಲಿಲ್ಲ. ಕೆಸರಿನಲ್ಲಿ ಬಗ್ಗಿ ರೆಕ್ಕೆ, ನಾಜಲ್, ಸ್ಕ್ರೂ ಸಮೇತ ಆರಿಸಿ ಚೀಲಕ್ಕೆ ತುಂಬಿಕೊಟ್ಟರು. ಅಕ್ಕ ಒಳಗೆ ಕರೆದು ರೊಟ್ಟಿ ಬಡಿಸಿದರು. ಅವತ್ತು ಸರಿಯಾಗಿ ಕೃತಜ್ಞತೆ ಹೇಳಲೂ ಬಾಯಿ ಬರಲಿಲ್ಲ. ಈಗ ಹೇಳುತ್ತಿದ್ದೇನೆ.

ಎರಡು ತಿಂಗಳು ಸಂಬಳ ತಡವಾದರೂ ಬಿಟ್ಟು ಹೋಗದ ನಮ್ಮ ಇಬ್ಬರು ಪೈಲಟ್ ಹುಡುಗರಿಗೆ ಎಷ್ಟು ಹೇಳಿದರೂ ಕಡಿಮೆ. ಡ್ರೋನ್ ಹಾರಿಸಲು ಬೇಕಾದ ಅವರ ರಿಮೋಟ್ ಪೈಲಟ್ ಸರ್ಟಿಫಿಕೇಟಿಗೆ ಹತ್ತು ವರ್ಷ ಮಾನ್ಯತೆ ಇದೆ. ಇಬ್ಬರಿಗೂ ಬೇರೆ ಕಡೆ ಕೆಲಸ ಸಿಕ್ಕಿದೆ. ನಮ್ಮ ಚಾರ್ಜರ್, ಜನರೇಟರ್ ಎರಡನ್ನೂ ಡ್ರೋನ್ ಹಾರಿಸುವ ಸ್ವಸಹಾಯ ಸಂಘದ ಅಕ್ಕ ಒಬ್ಬರಿಗೆ ಕೊಟ್ಟಿದ್ದೇವೆ. ಸುಮ್ನೆ ಮೂಲೆಯಲ್ಲಿ ಬಿದ್ದಿರುವುದಕ್ಕಿಂತ ಅದು ಒಳ್ಳೆಯದು, ಅಲ್ವಾ?

ಮಲೇಬೆನ್ನೂರು ಕಡೆಯ ಇಬ್ಬರು ಭತ್ತಕ್ಕೆ ಕೊಟ್ಟಿದ್ದ ಮುಂಗಡ ನಮ್ಮ ಹತ್ತಿರ ಉಳಿದಿದೆ. "ಇರಲಿ ಬಿಡ್ರಿ" ಅಂದಿದ್ದೀರಿ. ಇಲ್ಲ, ಭಾನುವಾರ ಬರುತ್ತೇವೆ. ಮನೆಯಲ್ಲೇ ಇರಿ.