ಕೀಪರನ್ನು ಕೂರಿಸುವ ಮುಂಚೆ

ಪ್ರೀತಿಯ ತಮ್ಮಾ,

ಕಾಕಾನ ಆಶೀರ್ವಾದಗಳು. ನಾವೆಲ್ಲ ಇಲ್ಲಿ ಆರಾಮ. ಹುಬ್ಬಳ್ಳಿಯಲ್ಲಿ ನಾಲ್ಕು ದಿನದಿಂದ ಜಿಟಿಜಿಟಿ ಮಳೆ, ಅದರ ಮೇಲೆ ಆಷಾಢದ ಗಾಳಿ. ನಿನ್ನೆ ನಮ್ಮ ಫುಟ್‌ಬಾಲ್ ಟೀಮಿನ ಪ್ರಾಕ್ಟೀಸಿಗೆ ಒಂಬತ್ತೇ ಜನ ಬಂದಿದ್ದರು. ಒಂದು ತಾಸು ಓಡಿಸಿ ಮನೆಗೆ ಕಳಿಸಿದೆ. ಇವತ್ತು ಅದೂ ಇಲ್ಲ, ಅದಕ್ಕೇ ಕೂತು ಬರೆಯಲು ಪುರುಸೊತ್ತು ಸಿಕ್ಕಿತು.

ರವಿವಾರ ರಾತ್ರಿ ನೀನು ಫೋನಿನಲ್ಲಿ ಹೇಳಿದ್ದು ಇನ್ನೂ ಕಿವಿಯಲ್ಲೇ ಇದೆ. ನಿನ್ನ ಟೀಮಿಗೆ ಮ್ಯಾನೇಜರ್ ಆಗಿ ಮೊದಲ ಸೀಸನ್ನು, ಒಂದರ ಹಿಂದೊಂದು ಮೂರು ಮ್ಯಾಚ್ ಸೋತಿದ್ದೀಯ, ಕಮಿಟಿಯವರು ಮುಖ ಗಂಟು ಹಾಕಿಕೊಂಡಿದ್ದಾರೆ. "ಎಲ್ಲಾ ಆ ಕೀಪರ್‌ನಿಂದಲೇ ಕಾಕಾ, ಮುಂದಿನ ಮ್ಯಾಚಿಗೆ ಅವನನ್ನ ಹೊರಗೆ ಕೂರಿಸಿಬಿಡ್ತೀನಿ" ಅಂದೆ. ನಾನು ಹೂಂ ಅಂದು ಸುಮ್ಮನಾದೆ. ನೀನು ಅದನ್ನು ಒಪ್ಪಿಗೆ ಅಂತ ತಿಳಿದಿರಬಹುದು. ಒಪ್ಪಿಗೆ ಅಲ್ಲ. ಒಂದು ತಿಂಗಳ ಹಿಂದೆ ನಾನೂ ಇಂಥದೇ ಮಾತು ಆಡಿದ್ದೆ. ಅದರಿಂದ ಏನಾಯಿತು ಅನ್ನೋದು ನಿನಗೆ ಗೊತ್ತಿಲ್ಲ. ನಿಮ್ಮಪ್ಪನಿಗೂ ಹೇಳಿಲ್ಲ.

ಈ ಸೀಸನ್ನಿನಲ್ಲಿ ನಮ್ಮದು ಆರು ಮ್ಯಾಚ್ ಆಗಿದೆ. ಎರಡು ಗೆದ್ದೆವು, ಎರಡು ಡ್ರಾ, ಎರಡು ಸೋಲು. 8 ಪಾಯಿಂಟ್. ಮೊದಲ ಮೂರು ಮ್ಯಾಚಿನಲ್ಲೇ 7 ಬಂದಿದ್ದವು, ಹಾಗಾಗಿ ನಮ್ಮ ಹುಡುಗರೂ ನಾನೂ ಸ್ವಲ್ಪ ಜಾಸ್ತಿಯೇ ಹುರುಪಿನಲ್ಲಿದ್ದೆವು. ನಾಲ್ಕನೇ ಮ್ಯಾಚ್ ನಮ್ಮ ಗ್ರೌಂಡಿನಲ್ಲೇ. ಅದರ ಒಂದು ಕಡೆಯ ಗೋಲಿನ ಮುಂದೆ ಪೈಪು ಹಾಕಲು ಅಗೆದು ಮುಚ್ಚಿದ ಪಟ್ಟಿ ಇದೆ, ನೀನೂ ನೋಡಿದ್ದೀಯ. ಮೇಲೆ ಗರಸು ಹಾಕಿ ತುಳಿದಿದ್ದಾರೆ. ಚೆಂಡು ಅಲ್ಲಿಗೆ ಬಂದರೆ ಒಮ್ಮೆ ಸತ್ತು ಬೀಳುತ್ತದೆ, ಒಮ್ಮೆ ಮೊಣಕಾಲೆತ್ತರ ಜಿಗಿಯುತ್ತದೆ.

ಅರವತ್ತನೇ ನಿಮಿಷ ಇರಬೇಕು. ನಮ್ಮ ಸ್ಟಾಪರ್, ಅಂದರೆ ಹಿಂದೆ ನಡುವೆ ನಿಂತು ಕಾಯುವವನು, ಅವನ ಕಾಲಿಗೆ ಚೆಂಡು ಬಂತು. ಎದುರಿಗೆ ಅವರ ಫಾರ್ವರ್ಡ್ ನುಗ್ಗಿ ಬರುತ್ತಿದ್ದ. ಸ್ಟಾಪರ್ ತಿರುಗಿ ಕೀಪರ್‌ಗೆ ಕೊಟ್ಟ. ಚೆಂಡು ಆ ಪಟ್ಟಿಗೆ ಬಡಿದು ಎದ್ದಿತು. ನಮ್ಮವರು ಕಾಲಿನಿಂದ ಬೇಕಂತಲೇ ಹಿಂದೆ ಕೊಟ್ಟ ಚೆಂಡನ್ನು ಕೀಪರ್ ಕೈಯಲ್ಲಿ ಹಿಡಿಯುವ ಹಾಗಿಲ್ಲ, 1992ರಿಂದ ನಿಯಮ ಹಾಗಿದೆ. ಪಾಪ ಹುಡುಗ ಕಾಲು ಬೀಸಿದ. ಚೆಂಡು ಬೂಟಿನ ಮೇಲಿಂದ ಹಾರಿ ಹಿಂದೆ ಹೋಯಿತು. ಅವರ ಫಾರ್ವರ್ಡ್ ಎರಡು ಹೆಜ್ಜೆ ಓಡಿ ಸುಮ್ನೆ ಒಳಗೆ ತಳ್ಳಿದ. 1-0. ಮ್ಯಾಚ್ ಹಾಗೇ ಮುಗಿಯಿತು.

ಸೀಟಿ ಊದಿದ ಮೇಲೆ ಎಲ್ಲರ ಮುಂದೆ, ನೋಡಲು ಬಂದವರ ಮುಂದೆ, ಅವನ ತಮ್ಮನೂ ಅಲ್ಲೇ ನಿಂತಿದ್ದ, ನಾನು ಕೂಗಾಡಿದೆ. "ಕಣ್ಣು ಎಲ್ಲಿಟ್ಟಿದ್ದಿ? ನಿನ್ನಿಂದ ಮ್ಯಾಚ್ ಹೋಯ್ತು" ಅಂದೆ. ಅವನು ಒಂದು ಮಾತೂ ಆಡಲಿಲ್ಲ. ಕೈಗವಸು ಬಿಚ್ಚಿದ. ಒಂದರೊಳಗೊಂದು ಸೇರಿಸಿ ಮಡಚಿದ. ಚೆಂಡಿನ ಚೀಲದಲ್ಲಿ ಇಟ್ಟು, ಚೀಲದ ದಾರ ಎಳೆದು, ಗೇಟಿನ ಕಡೆ ನಡೆದುಬಿಟ್ಟ. ಆ ಕೈಗವಸು ಟೀಮಿನದಲ್ಲ. ಅವನು ವೆಲ್ಡಿಂಗ್ ಅಂಗಡಿಯಲ್ಲಿ ದುಡಿದು ತಗೊಂಡಿದ್ದು. ಅದನ್ನು ಬಿಟ್ಟು ಹೋದ ಅಂದರೆ ಏನರ್ಥ ಅಂತ ನನಗೆ ಮನೆಗೆ ಬಂದ ಮೇಲೆ ಹೊಳೆಯಿತು.

ಮಂಗಳವಾರ ಪ್ರಾಕ್ಟೀಸಿಗೆ ಬರಲಿಲ್ಲ. ಗುರುವಾರವೂ ಇಲ್ಲ. ನಾನೂ ಹಟದಲ್ಲೇ ಇದ್ದೆ, ಬಂದರೆ ಬರಲಿ ಬಿಟ್ಟರೆ ಬಿಡಲಿ ಅಂತ ಎರಡನೇ ಕೀಪರನ್ನು ಕರೆದುಕೊಂಡು ಗದಗಿಗೆ ಹೋದೆ. ಅವನಿಗಿನ್ನೂ 17 ವರ್ಷ. ಆ ಗಾಳಿಯಲ್ಲಿ! ಕಪ್ಪತಗುಡ್ಡದ ಮೇಲೆ ಆ ಗಾಳಿಯಂತ್ರಗಳನ್ನು ಸುಮ್ನೆ ನಿಲ್ಲಿಸಿಲ್ಲ. ಟಾಸ್ ನಾವೇ ಗೆದ್ದೆವು. ಟಾಸ್ ಗೆದ್ದವರು ಯಾವ ಗೋಲಿನ ಕಡೆ ಆಡಬೇಕು ಅಂತಲಾದರೂ ಆರಿಸಬಹುದು, ಕಿಕ್‌ಆಫ್ ಆದರೂ ತಗೊಳ್ಳಬಹುದು. ನಮ್ಮ ಕ್ಯಾಪ್ಟನ್ ನನ್ನ ಕಡೆ ನೋಡಿದ. ನಾನು ಯೋಚನೆಯನ್ನೇ ಮಾಡದೆ ಕಿಕ್‌ಆಫ್ ಅಂತ ಸನ್ನೆ ಮಾಡಿದೆ. ಅವರು ಗಾಳಿಯನ್ನು ಬೆನ್ನಿಗಿಟ್ಟುಕೊಂಡರು. ಮೊದಲ ಅರ್ಧದಲ್ಲೇ ಮೂರು ಗೋಲು. ಅರ್ಧ ಮುಗಿಯುವ ಹೊತ್ತಿಗೆ ಗಾಳಿ ಇಳಿದಿತ್ತು, ನಮಗೆ ಅದರಿಂದ ಏನೂ ಸಿಗಲಿಲ್ಲ.

ಅದಕ್ಕಿಂತ ದೊಡ್ಡ ತಪ್ಪು ಇನ್ನೊಂದಿದೆ. ಆ ಗ್ರೌಂಡು ಸಪಾಟಾಗಿ ಚೆನ್ನಾಗಿತ್ತು. ನೆಲದ ಮೇಲೆ ಸಣ್ಣ ಸಣ್ಣ ಪಾಸು ಕೊಟ್ಟು ಹಿಂದಿನಿಂದ ಆಡುತ್ತಾ ಬರಬಹುದಿತ್ತು, ಎದುರು ಗಾಳಿಗೆ ಅದೇ ಸರಿಯಾದ ಆಟ. ನಾನೋ, ಹಿಂದಿನ ವಾರದ ಗೋಲು ಕಣ್ಣ ಮುಂದೆ ಇಟ್ಟುಕೊಂಡು, "ಯಾರೂ ಹಿಂದೆ ಕೊಡಬೇಡಿ, ಉದ್ದ ಒದೆಯಿರಿ" ಅಂದಿದ್ದೆ. ಆ ಸಣ್ಣ ಹುಡುಗ ಒದ್ದ ಗೋಲ್‌ಕಿಕ್ ಒಂದೂ ಅರ್ಧ ಗೆರೆ ದಾಟಲಿಲ್ಲ. ಮೇಲೇರಿ, ನಿಂತು, ಅವರ ಕಾಲಿಗೇ ಇಳಿಯುತ್ತಿತ್ತು. ಕಲ್ಲು ಗರಸಿನ ಗ್ರೌಂಡಿನಲ್ಲಿ ಟಿವಿಯಲ್ಲಿ ಕಂಡ ಹಾಗೆ ಹಿಂದಿನಿಂದ ಆಡಿಸಿದೆ, ಆಡಬೇಕಾದ ಗ್ರೌಂಡಿನಲ್ಲಿ ಆಡಿಸಲಿಲ್ಲ.

ಬಸ್ಸಿನಲ್ಲಿ ವಾಪಸ್ ಬರುವಾಗ ಯಾರೂ ಮಾತಾಡಲಿಲ್ಲ. ಮರುದಿನ ಸಂಜೆ ಹಳೇ ಹುಬ್ಬಳ್ಳಿಗೆ, ಆ ಹುಡುಗನ ಮನೆಗೆ ಹೋದೆ. ಅವನ ತಾಯಿ ಚಹಾ ಮಾಡಿ ಕೊಟ್ಟರು. ಅವನು ಬಾಗಿಲ ಹತ್ತಿರವೇ ನಿಂತಿದ್ದ. ನಾನು, ಅವತ್ತು ಹಾಗೆ ಕೂಗಬಾರದಿತ್ತು, ತಪ್ಪಾಯ್ತಪ್ಪ ಅಂದೆ. ಆಗ ಅವನು ನೆಲ ನೋಡುತ್ತಲೇ ಹೇಳಿದ, "ಸರ್ರ, ಚೆಂಡ್ ಹಿಂದ ಕೊಡ್ರಿ ಅಂತ ಒಂದ್ ತಿಂಗಳಿಂದ ನೀವ ಹೇಳಾಕತ್ತಿದ್ರಿ. ಅಂವ ಕೊಟ್ಟ. ನಾ ಏನ್ ಮಾಡ್ಲಿ ಹೇಳ್ರಿ."

ತಮ್ಮಾ, ಅಷ್ಟು ವರ್ಷ ಆಡಿದ್ದೇನೆ, ಅಷ್ಟು ವರ್ಷ ಆಡಿಸಿದ್ದೇನೆ. ಅವನಿಗೆ ಕೊಡಲು ನನ್ನ ಹತ್ತಿರ ಉತ್ತರ ಇರಲಿಲ್ಲ. ಚೆಂಡು ಅವನ ಕಾಲಿಗೆ ಬರುವ ಮೊದಲು ಸ್ಟಾಪರ್ ಹತ್ತಿರ ಇತ್ತು. ಅದಕ್ಕೂ ಮೊದಲು ಬಲಗಡೆ ನಡುವೆ ಆಡುವ ನಮ್ಮ ರೈಟ್ ಹಾಫ್ ಅದನ್ನು ಎದುರಿನವರಿಗೆ ಕಳೆದುಕೊಳ್ಳುವುದರಲ್ಲಿದ್ದ, ಹೆದರಿ ಹಿಂದೆ ತಳ್ಳಿದ. ಅದಕ್ಕೂ ಹಿಂದೆ ನನ್ನ ಮಾತು ಇತ್ತು. ಕೀಪರ್ ಕೊನೆಯವನು, ಅವನ ಹಿಂದೆ ಬಲೆ ಬಿಟ್ಟರೆ ಯಾರೂ ಇರುವುದಿಲ್ಲ, ಅದಕ್ಕೇ ಎಲ್ಲರ ಕಣ್ಣಿಗೂ ಅವನೇ ಬೀಳುತ್ತಾನೆ.

ಅವತ್ತಿನಿಂದ ಒಂದು ರೂಢಿ ಮಾಡಿಕೊಂಡಿದ್ದೇನೆ. ಸಣ್ಣ ನೋಟ್‌ಬುಕ್ ಇಟ್ಟಿದ್ದೇನೆ. ನಮಗೆ ಬಿದ್ದ ಪ್ರತಿ ಗೋಲಿಗೂ ಚೆಂಡು ಹಿಂದಿನ ಮೂರು ಸಲ ಯಾರ ಕಾಲಲ್ಲಿತ್ತು, ಎಲ್ಲಿತ್ತು ಅಂತ ಹಿಂದಿನಿಂದ ಬರೆಯುತ್ತೇನೆ. ನಾಲ್ಕನೇ ಸಾಲಿನಲ್ಲಿ, ನಾನು ಅವರಿಗೆ ಏನು ಹೇಳಿದ್ದೆ ಅನ್ನೋದು. ನೀನೂ ನಿನ್ನ ಮೂರು ಮ್ಯಾಚಿನ ಆರು ಗೋಲುಗಳನ್ನು ಹಾಗೆ ಬರೆದು ನೋಡು. ಮನಸ್ಸಿನಲ್ಲೇ ನೆನೆಸಿಕೊಂಡರೆ ಆಗುವುದಿಲ್ಲ, ಮನಸ್ಸು ನಮಗೆ ಬೇಕಾದ್ದನ್ನೇ ತೋರಿಸುತ್ತದೆ. ಕಾಗದದ ಮೇಲೆ ಬರೆ.

ನೀನೇ ಹೇಳಿದೆ, ಆರರಲ್ಲಿ ನಾಲ್ಕು ಕಾರ್ನರ್‌ನಿಂದ ಬಂದವು ಅಂತ. ನಾಲ್ಕು ಕಾರ್ನರ್ ಗೋಲು ಒಬ್ಬ ಕೀಪರ್‌ನ ತಪ್ಪು ಹೇಗಾಗುತ್ತದೆ? ನಿನ್ನ ಹುಡುಗರು ಗಿಡ್ಡಗಿದ್ದಾರೆ, ಒಪ್ಪಿದೆ. ಆದರೆ ಗಿಡ್ಡಗಿರುವವರು ಒಬ್ಬೊಬ್ಬರು ಒಬ್ಬೊಬ್ಬ ಎತ್ತರದವನನ್ನು ಹಿಡಿದು ನಿಂತರೆ ಮೇಲಿನ ಚೆಂಡಿನಲ್ಲಿ ಸೋಲುವುದೇ. ಜಾಗ ಕಾಯಲು ನಿಲ್ಲಿಸು. ಒಬ್ಬನನ್ನು ಹತ್ತಿರದ ಗೋಲ್‌ಕಂಬಕ್ಕೆ, ಅವನು ಅಲ್ಲಿಂದ ಅಲುಗಬಾರದು. ಇಬ್ಬರು ಆರು ಗಜದ ಗೆರೆ ಮೇಲೆ. ಎದುರಿನವರಲ್ಲಿ ನಿಜಕ್ಕೂ ಹೆಡ್ ಮಾಡಬಲ್ಲವರು ಇಬ್ಬರೇ ಇರುತ್ತಾರೆ, ಅವರನ್ನು ಮಾತ್ರ ಬೆನ್ನು ಬಿಡದೆ ಹಿಡಿಯಲಿ, ಚೆಂಡು ಮುಟ್ಟದಿದ್ದರೂ ಪರವಾಗಿಲ್ಲ, ಅವರು ಆರಾಮಾಗಿ ಜಿಗಿಯಬಾರದು ಅಷ್ಟೇ. ಒಬ್ಬನನ್ನು ಬಾಕ್ಸಿನ ಹೊರಗೆ, ಡಿ ಆಕಾರದ ಗೆರೆ ಹತ್ತಿರ ನಿಲ್ಲಿಸು. ಅರ್ಧಂಬರ್ಧ ಹೊರಗೆ ಬಂದ ಚೆಂಡು ಅಲ್ಲೇ ಬೀಳುತ್ತದೆ, ನಿನ್ನ ಎರಡನೇ ಮ್ಯಾಚಿನ ಗೋಲು ಅಲ್ಲಿಂದಲೇ ತಾನೇ ಒದ್ದಿದ್ದು? ಮತ್ತೆ ಕೀಪರ್‌ಗೆ ಒಂದೇ ಮಾತು ಹೇಳು: ಬರ್ತೀನಿ ಅಂದರೆ ಗಟ್ಟಿಯಾಗಿ ಕೂಗಿ ಬಾ, ಬರಲ್ಲ ಅಂದರೆ ಗೆರೆ ಮೇಲೇ ಇರು. ನಡುವೆ ನಿಲ್ಲಬೇಡ. ಈ ಹೆದರಿದ ಹುಡುಗ ನಡುವೆ ನಿಲ್ಲುತ್ತಿದ್ದಾನೆ, ಯಾಕೆಂದರೆ ತಪ್ಪಾದರೆ ನೀನು ಬೈಯುತ್ತೀಯ ಅಂತ ಅವನಿಗೆ ಗೊತ್ತು.

ಇನ್ನು ನಿನ್ನ ಟೀಮಿಗೆ 83ನೇ ನಿಮಿಷದಲ್ಲಿ ಬಿದ್ದ ಗೋಲು. ಬೆಂಚಿನಿಂದ ಮೊದಲ ಹುಡುಗನನ್ನು ಯಾವಾಗ ಇಳಿಸಿದೆ ಅಂತ ಕೇಳಿದ್ದಕ್ಕೆ ಗೋಲು ಬಿದ್ದ ಮೇಲೆ ಅಂದೆ. ದೊಡ್ಡ ಮಟ್ಟದ ಆಟದಲ್ಲಿ ನಡುವೆ ಆಡುವವನು ಒಂದು ಮ್ಯಾಚಿಗೆ ಹತ್ತು ಕಿಲೋಮೀಟರ್ ಮೇಲೆ ಓಡುತ್ತಾನೆ. ನಮ್ಮ ಹುಬ್ಬಳ್ಳಿ ಸ್ಟೇಷನ್ನಿನ ಪ್ಲಾಟ್‌ಫಾರ್ಮ್ ಉದ್ದ 1507 ಮೀಟರ್. ಈ ಕೊನೆಯಿಂದ ಆ ಕೊನೆಗೆ ಆರೂವರೆ ಸಲಕ್ಕಿಂತ ಹೆಚ್ಚು ಹೋದ ಹಾಗೆ, ಅದೂ ನಿಂತು, ಓಡಿ, ತಿರುಗಿ, ಬಿದ್ದು. ನಿನ್ನ ಹುಡುಗರು ಅಷ್ಟು ಓಡದಿದ್ದರೂ ಅವರ ಮೈ ಆ ಮಟ್ಟಕ್ಕೆ ಪಳಗಿದ್ದೂ ಅಲ್ಲ. ಕಾಲು ಸೋಲುವ ಮುಂಚೆ ತಲೆ ಸೋಲುತ್ತದೆ. ಯಾರು ಥ್ರೋ ತಗೊಳ್ಳಲು ನಿಧಾನ ಮಾಡುತ್ತಾನೆ, ಯಾರು ಸೊಂಟಕ್ಕೆ ಕೈ ಇಟ್ಟು ನಿಲ್ಲುತ್ತಾನೆ, ಅದನ್ನು ನೋಡುತ್ತಾ ಇರು. ಅರವತ್ತೈದಕ್ಕೆ ಒಬ್ಬನನ್ನು ಬದಲಾಯಿಸು. ಗೋಲು ಬಿದ್ದ ಮೇಲೆ ಬದಲಾಯಿಸಿದರೆ ಒಳಗೆ ಹೋಗುವ ಹುಡುಗನ ತಲೆ ಮೇಲೆ ಇಡೀ ಮ್ಯಾಚ್ ಹೊರಿಸಿದ ಹಾಗಾಗುತ್ತದೆ.

ನಮ್ಮ ಆರನೇ ಮ್ಯಾಚ್ ಹೇಳಲಿಲ್ಲ ಅಲ್ವಾ? ಧಾರವಾಡದಲ್ಲಿ, 1-1. ಕೀಪರ್ ವಾಪಸ್ ಬಂದಿದ್ದ. ಕೊನೆಯ ಹತ್ತು ನಿಮಿಷ ಇತ್ತು. ನಾನು ಆಡುವ ಕಾಲದಲ್ಲಿ ಗೆದ್ದರೆ 2 ಪಾಯಿಂಟ್, ಡ್ರಾ ಆದರೆ 1. ಹಾಗಾಗಿ ಡ್ರಾ ಇದ್ದರೆ ಗಟ್ಟಿ ಹಿಡಿದುಕೋ ಅನ್ನುವುದೇ ನಮ್ಮ ರಕ್ತದಲ್ಲಿ ಇಳಿದಿತ್ತು. ಇಂಗ್ಲೆಂಡಿನ ಲೀಗಿನವರು 1981ರಲ್ಲಿ ಗೆಲುವಿಗೆ 3 ಕೊಟ್ಟರು, ವಿಶ್ವಕಪ್ಪಿಗೆ 1994ರಲ್ಲಿ ಬಂತು. ಈಗ ಲೆಕ್ಕ ಬೇರೆ. ಡ್ರಾದಲ್ಲಿದ್ದಾಗ ಸೋತರೆ ಹೋಗುವುದು ಒಂದು, ಗೆದ್ದರೆ ಇನ್ನೂ ಎರಡು ಸಿಗುತ್ತದೆ. ಒಬ್ಬ ಬ್ಯಾಕನ್ನು ಹೊರಗೆ ತೆಗೆದು ಫಾರ್ವರ್ಡ್ ಹಾಕಿದೆ. ಗೋಲು ಆಗಲಿಲ್ಲ. ಬದಲಿಗೆ ಎಡ ಅಂಚಿನಲ್ಲಿ ಆಡುವ ಅವರ ಲೆಫ್ಟ್ ಔಟ್ ಒಬ್ಬನೇ ಚೆಂಡು ತಗೊಂಡು ಬಂದುಬಿಟ್ಟ, ನಮ್ಮ ಕೀಪರ್ ಒಬ್ಬನೇ ಎದುರಿಗೆ. ಅವನು ಗೆರೆ ಬಿಟ್ಟು ಓಡಿ ಬಂದು, ಕೊನೇ ಗಳಿಗೆಯಲ್ಲಿ ಮಲಗಿ, ಎದೆಗೆ ಚೆಂಡು ತಗೊಂಡ. ಎದ್ದವನೇ ನನ್ನ ಕಡೆ ನೋಡಿದ. ಆ ನೋಟ ನನಗೆ ಈ ಸೀಸನ್ನಿನ ಎಲ್ಲಾ ಪಾಯಿಂಟಿಗಿಂತ ಹೆಚ್ಚು. (ಎದುರಿನ ಟೀಮು ಪಟ್ಟಿಯಲ್ಲಿ ನಿನ್ನ ಪಕ್ಕದಲ್ಲೇ ಇದ್ದರೆ ಮಾತ್ರ ಹೀಗೆ ನುಗ್ಗಬೇಡ, ಅಲ್ಲಿ ನೀನು ಸೋತರೆ ಅವರಿಗೂ ಎರಡು ಜಾಸ್ತಿ ಹೋಗುತ್ತದೆ.)

ಕಮಿಟಿಯವರು ಒತ್ತಾಯ ಮಾಡಿದರೆ ಒಂದು ಹಳೇ ಮ್ಯಾಚ್ ನೆನಪು ಮಾಡಿಕೊಡು. 1948ರ ಲಂಡನ್ ಒಲಿಂಪಿಕ್ಸ್, ಭಾರತ ಮತ್ತು ಫ್ರಾನ್ಸ್. ಸ್ವಾತಂತ್ರ್ಯ ಬಂದ ಮೇಲೆ ನಮ್ಮವರ ಮೊದಲ ಒಲಿಂಪಿಕ್ ಫುಟ್‌ಬಾಲ್, ಬಹಳ ಜನ ಬರಿಗಾಲಲ್ಲೇ ಆಡಿದರು. ನಮ್ಮ ಗೋಲು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಸಿಕ್ಕ ಎರಡು ಪೆನಾಲ್ಟಿಯೂ ತಪ್ಪಿ, ಕೊನೇ ಗಳಿಗೆಯಲ್ಲಿ ಗೋಲು ಬಿದ್ದು 2-1ರಿಂದ ಸೋತೆವು. ಆ ಎರಡರಲ್ಲಿ ಒಂದು ಪೆನಾಲ್ಟಿ ಒದ್ದು ಗೋಲು ಮಾಡಲಾಗದವರು ಶೈಲೇನ್ ಮನ್ನಾ. ಅವರನ್ನು ಅಲ್ಲಿಗೇ ಕೈಬಿಡಲಿಲ್ಲ. 1951ರಲ್ಲಿ ದಿಲ್ಲಿಯ ಏಷ್ಯನ್ ಗೇಮ್ಸ್‌ನಲ್ಲಿ ಭಾರತ ಚಿನ್ನ ಗೆದ್ದಾಗ ಕ್ಯಾಪ್ಟನ್ ಅವರೇ.

ಕೀಪರನ್ನು ಯಾವತ್ತೂ ಬದಲಾಯಿಸಲೇಬಾರದು ಅಂತ ನಾನು ಹೇಳುತ್ತಿಲ್ಲ. ಪ್ರಾಕ್ಟೀಸಿನಲ್ಲಿ ಇನ್ನೊಬ್ಬ ಚೆನ್ನಾಗಿದ್ದರೆ ಅವನನ್ನು ಆಡಿಸು. ಆದರೆ ಮೊದಲೇ ಅವನನ್ನು ಪಕ್ಕಕ್ಕೆ ಕರೆದು, ನೀನೇ, ನಿನ್ನ ಬಾಯಿಂದಲೇ ಹೇಳು. ಗೋಡೆ ಮೇಲೆ ಅಂಟಿಸಿದ ಪಟ್ಟಿ ನೋಡಿ ಅವನಿಗೆ ಗೊತ್ತಾಗಬಾರದು. ಮತ್ತೆ ಮ್ಯಾಚ್ ಮುಗಿದ ಮೇಲೆ ಆಟದ ಬಗ್ಗೆ ಬಾಯಿ ಬಿಡಬೇಡ. ಯಾರಿಗೆ ಪೆಟ್ಟಾಗಿದೆ, ಯಾರು ನೀರು ಕುಡಿದಿಲ್ಲ, ಊರಿಗೆ ಹೋಗುವವರಿಗೆ ಕೊನೇ ಬಸ್ಸು ಇದೆಯಾ, ಅಷ್ಟು ಮಾತ್ರ ಕೇಳು. ಉಳಿದದ್ದು ಮಂಗಳವಾರಕ್ಕೆ. ಎರಡು ರಾತ್ರಿ ಮಲಗಿ ಎದ್ದ ಮೇಲೂ ಹೇಳಬೇಕು ಅನಿಸಿದರೆ ಆಗ ಹೇಳು.

ಇನ್ನೊಂದು, ಪಂಚಮಿ ಹತ್ತಿರ ಬಂತು. ನಿನ್ನ ಅರ್ಧ ಹುಡುಗರು ಅಕ್ಕ-ತಂಗಿಯರನ್ನು ಕರೆತರಲು ಊರೂರಿಗೆ ಹೋಗುತ್ತಾರೆ. ತಡೆಯಬೇಡ, ಯಾರು ಯಾವತ್ತು ವಾಪಸ್ ಬರುತ್ತಾರೆ ಅಂತ ಈಗಲೇ ಕೇಳಿ ಬರೆದಿಟ್ಟುಕೋ. ಆ ವಾರದ ಮ್ಯಾಚಿಗೆ ಬೆಂಚಿನ ಹುಡುಗರನ್ನು ಇವತ್ತಿನಿಂದಲೇ ತಯಾರು ಮಾಡು.

ನಿನ್ನ ಕಾಕು ಶೇಂಗಾ ಉಂಡಿ, ಎಳ್ಳುಂಡಿ ಕಟ್ಟುತ್ತೇನೆ ಅಂದಿದ್ದಾಳೆ. ಶುಕ್ರವಾರ ಬೆಳಿಗ್ಗೆ ಹಾವೇರಿ ಬಸ್ಸಿಗೆ ಡಬ್ಬಿ ಕೊಟ್ಟು ಕಳಿಸುತ್ತೇನೆ, ಬಸ್ ನಂಬರ್ ಫೋನ್ ಮಾಡಿ ಹೇಳುತ್ತೇನೆ, ಸ್ಟ್ಯಾಂಡಿಗೆ ಹೋಗಿ ತಗೋ. ಪ್ರಾಕ್ಟೀಸ್ ಮುಗಿದ ಮೇಲೆ ಹುಡುಗರಿಗೆ ಹಂಚು. ಡಬ್ಬಿ ಆ ಕೀಪರ್ ಕೈಗೆ ಕೊಟ್ಟು ಹಂಚಿಸು.

ನಿನ್ನ ಕಾಕಾ
ಹುಬ್ಬಳ್ಳಿ