ಆ ಚಾಕ್‌ಪೀಸ್ ವಿಷಯ

ಪುಟ್ಟೀ,

ನಿನ್ನೆ ರಾತ್ರಿ ನೀನು ಫೋನ್ ಇಟ್ಟ ಮೇಲೆ ಮತ್ತೆ ಮಾಡೋಣ ಅನ್ನಿಸಿತು, ಮಾಡಲಿಲ್ಲ. ಮಾಡಿದ್ದರೆ ಮತ್ತೆ ನಾನೇ ಮಾತಾಡುತ್ತಿದ್ದೆ. ಅದಕ್ಕೇ ಬರೆಯುತ್ತಿದ್ದೇನೆ.

ಪಾಠದ ಮಧ್ಯೆ ನಿನಗೆ ಪಾಠ ಮಾಡುವುದನ್ನು ಕಲಿಸುವ ಮೆಂಟರ್ ಎದ್ದು ಬಂದು ನಿನ್ನ ಕೈಯಿಂದ ಚಾಕ್‌ಪೀಸ್ ತೆಗೆದುಕೊಂಡರು, ಈ ಟೀಚರ್ ಇಂಟರ್ನ್‌ಶಿಪ್ಪೇ ಬಿಟ್ಟುಬಿಡುತ್ತೇನೆ ಅಂತ ನೀನಂದೆ. ಅದಕ್ಕೆ ನಾನು "ನಿನ್ನ ತಯಾರಿ ಸಾಲದೇನೋ" ಅಂದುಬಿಟ್ಟೆ. ಅಷ್ಟು ಬೇಗ ಆ ಮಾತು ಬಾಯಿಗೆ ಯಾಕೆ ಬಂತು ಅಂತ ರಾತ್ರಿಯೆಲ್ಲ ಯೋಚಿಸಿದೆ. ನಾನೂ ಒಬ್ಬ ಹುಡುಗಿಯ ಕೈಯಿಂದ ಹಾಗೇ ಚಾಕ್‌ಪೀಸ್ ತೆಗೆದುಕೊಂಡವಳು.

ನೀನಾಗ ಮೂರನೇ ಕ್ಲಾಸು. ಅವಳು ನನ್ನ ತರಗತಿಗೆ ಇಂಟರ್ನ್ ಆಗಿ ಬಂದಿದ್ದಳು. ಒಂದು ತಿಂಗಳು ಹಿಂದಿನ ಬೆಂಚಲ್ಲಿ ಕೂತು ನೋಡಿದ್ದಳು, ಆಮೇಲೆ ನಾಲ್ಕೈದು ಮಕ್ಕಳ ಗುಂಪಿಗೆ ಹೇಳಿಕೊಟ್ಟಿದ್ದಳು, ಅವತ್ತು ಇಡೀ ತರಗತಿಗೆ ಅವಳ ಮೊದಲ ಪಾಠ. ಭಿನ್ನರಾಶಿ. 1/3 ದೊಡ್ಡದೋ 1/4 ದೊಡ್ಡದೋ ಅಂತ ಕೇಳಿದಳು. ಕಿಟಕಿ ಪಕ್ಕದ ಹುಡುಗ 1/4 ಅಂದ, ನಾಲ್ಕು ಮೂರಕ್ಕಿಂತ ದೊಡ್ಡದಲ್ವಾ ಅಂತ. ಅವಳು ಸರಿ ಅನ್ನಲಿಲ್ಲ, ತಪ್ಪು ಅನ್ನಲಿಲ್ಲ. "ಎರಡನ್ನೂ ಬರೆದು ನೋಡ್ತೀಯಾ?" ಅಂದು ಸುಮ್ಮನೆ ನಿಂತಳು. ಆ ಮೌನ ನನ್ನಿಂದ ತಡೆಯಲಾಗಲಿಲ್ಲ. ಪಾಪ, ತಡವರಿಸುತ್ತಿದ್ದಾಳೆ ಅಂದುಕೊಂಡು ಎದ್ದು ಹೋದೆ, ಅವಳ ಕೈಯಿಂದ ಚಾಕ್‌ಪೀಸ್ ತೆಗೆದುಕೊಂಡೆ, ಒಂದೇ ಉದ್ದದ ಎರಡು ಪಟ್ಟಿ ಬರೆದು ಒಂದನ್ನು ಮೂರು ಭಾಗ, ಇನ್ನೊಂದನ್ನು ನಾಲ್ಕು ಭಾಗ ಮಾಡಿ ಎರಡೇ ನಿಮಿಷದಲ್ಲಿ ಮುಗಿಸಿದೆ. ಮಕ್ಕಳೆಲ್ಲ "ಹೌದು ಮಿಸ್" ಅಂದರು. ಅವಳು ಪೀರಿಯಡ್ ಮುಗಿಯುವವರೆಗೂ ಬೆರಳಿಗೆ ಅಂಟಿದ ಬಿಳಿ ಪುಡಿಯನ್ನೇ ಉಜ್ಜುತ್ತಾ ನಿಂತಿದ್ದಳು.

ಸ್ಟಾಫ್ ರೂಮಿನಲ್ಲಿ ಹೇಳಿದಳು: "ಮೇಡಂ, ಅವನು ಎರಡನೇ ಪಟ್ಟಿ ಬರೀತಿದ್ದ. ನಾನು ಕಾಯ್ತಾ ಇದ್ದೆ."

ಕಾಯಬೇಕು ಅಂತ ಅವಳಿಗೆ ಹೇಳಿಕೊಟ್ಟವಳೇ ನಾನು. ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಸಾಮಾನ್ಯವಾಗಿ 1 ಸೆಕೆಂಡೋ ಅದಕ್ಕಿಂತ ಕಡಿಮೆಯೋ ಕಾಯುತ್ತಾರೆ, 3 ಸೆಕೆಂಡು ಕಾದರೆ ಮಕ್ಕಳು ಉದ್ದವಾಗಿ ಉತ್ತರಿಸುತ್ತಾರೆ, ಬಾಯಿ ಬಿಡದ ಮಕ್ಕಳೂ ಮಾತಾಡುತ್ತಾರೆ ಅಂತ ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲೇ ತೋರಿಸಿದ್ದರು. ಅದನ್ನು ಬೋರ್ಡಿನ ಮೇಲೆ ಬರೆದು ವಿವರಿಸಿದ್ದೆ. ನಾನು ಹೇಳಿದ್ದನ್ನೇ ಅವಳು ಮಾಡಿದಳು, ನಾನೇ ಕಾಯಲಿಲ್ಲ. ಆ ವರ್ಷ ಪೂರ್ತಿ ಇದ್ದಳು. ಆದರೆ ಅವತ್ತಿನಿಂದ ಮಕ್ಕಳಿಗೆ ಏನು ಕೇಳಿದರೂ ಮೊದಲು ನನ್ನ ಮುಖ ನೋಡುತ್ತಿದ್ದಳು. ನಾನು ಕ್ಷಮೆ ಕೇಳಲಿಲ್ಲ. ಇವತ್ತಿಗೂ ಕೇಳಿಲ್ಲ.

ನಿನಗೂ ಹಾಗೇ ಆಗಿಬಿಟ್ಟರೆ ಅಂತ ಭಯ. ನಿನಗೆ ಸಿಕ್ಕಿರುವ ಅವಕಾಶ ನಮಗಿರಲಿಲ್ಲ. ನಮಗೆ ಕಾಲೇಜಿನಲ್ಲಿ ಮೈಕ್ರೋಟೀಚಿಂಗ್ ಅಂತ ಪಾಠ ಮಾಡುವ ಅಭ್ಯಾಸ ಇತ್ತು, ಗೆಳತಿಯರೇ ಮಕ್ಕಳ ಹಾಗೆ ಕೂರುತ್ತಿದ್ದರು, ಐದು ನಿಮಿಷದ ಪಾಠ. ಅಲ್ಲಿ ನಿಜವಾಗಿ ಗೊತ್ತಾಗದ ಮಗು ಒಂದೂ ಇರಲಿಲ್ಲ. ನಿನ್ನ ಶಾಲೆ ಸರ್ಕಾರದ್ದಲ್ಲ, ತನ್ನ ಶಿಕ್ಷಕರನ್ನು ತಾನೇ ತಯಾರು ಮಾಡುತ್ತದೆ, ಒಂದು ವರ್ಷ ಪೂರ್ತಿ ಒಂದೇ ತರಗತಿಯಲ್ಲಿ ಇರುವುದಕ್ಕೆ ಬಿಡುತ್ತದೆ. ನೀನು ಅಲ್ಲಿಗೆ ಆಯ್ಕೆಯಾದಾಗ ಎಷ್ಟು ಹೆಮ್ಮೆಪಟ್ಟಿದ್ದೆ ಅಂದರೆ, ಅಪ್ಪನನ್ನು ಕೇಳು.

ಮುಂದಿನ ಪಾಠಕ್ಕೆ ಮುಂಚೆಯೇ ಮೆಂಟರ್ ಹತ್ತಿರ ಮಾತಾಡು. ಸಹಾಯ ಬೇಕಾದರೆ ನಾನೇ ನಿಮ್ಮ ಕಡೆ ತಿರುಗುತ್ತೇನೆ, ಅಲ್ಲಿಯವರೆಗೆ ಕೂತಿರಿ ಅನ್ನು. ಪಾಠ ಹೇಗಿತ್ತು ಅಂತ ಕೇಳಬೇಡ, ಚೆನ್ನಾಗಿತ್ತು ಅನ್ನುತ್ತಾರೆ ಅಷ್ಟೇ. ಯಾವ ಮಗುವನ್ನು ಎಷ್ಟು ಸಲ ಕೇಳಿದೆ, ಎಷ್ಟು ಹೊತ್ತು ಕಾದೆ, ಅದೊಂದನ್ನು ಬರೆದುಕೊಳ್ಳಿ ಅನ್ನು. ಅವತ್ತೇ ಹತ್ತು ನಿಮಿಷ ಜೊತೆಗೆ ಕೂತು ನೋಡಿ, ನಾಳೆಗೆ ಇಡಬೇಡ. ಬೋರ್ಡ್ ಅಳಿಸುವ ಮುಂಚೆ ಫೋಟೋ ತೆಗೆದಿಟ್ಟುಕೋ. ನಡುರಾತ್ರಿಯವರೆಗೆ ಚಾರ್ಟ್ ಅಂಟಿಸುತ್ತಾ ಕೂರಬೇಡ. ಬೈಯುತ್ತಿಲ್ಲ ಕಣೇ, ಹೇಳದೆ ಇರಲು ಆಗುತ್ತಿಲ್ಲ.

ನೀನು ಚಿಕ್ಕವಳಿದ್ದಾಗ ಲೆಕ್ಕ ನಿಧಾನವಾದರೆ ಪೆನ್ಸಿಲ್ ಕಿತ್ತುಕೊಂಡು ನಾನೇ ಮುಗಿಸುತ್ತಿದ್ದೆ. ಅದೂ ನೆನಪಿದೆ ನನಗೆ. ತಪ್ಪಾಯ್ತು.

ಬಿಡಲೇಬೇಕು ಅನ್ನಿಸಿದರೆ ಬಿಡು, ನಾನು ಏನೂ ಅನ್ನುವುದಿಲ್ಲ. ಆದರೆ ನಿನ್ನೆಯ ಒಂದು ದಿನಕ್ಕಾಗಿ ಬಿಡಬೇಡ. ಮೆಂಟರ್ ಎದ್ದು ಬರುವ ಮುಂಚೆ ಒಂದು ಮಗು ನಿನಗೆ ಏನೋ ಹೇಳುತ್ತಿತ್ತು ಅಂದೆಯಲ್ಲ, ಅಷ್ಟರಲ್ಲಿ ನಾನು ಬಾಯಿ ಹಾಕಿದೆ. ನಾಳೆ ಸಂಜೆ ಫೋನ್ ಮಾಡು, ಆ ಮಗು ಏನು ಹೇಳಿತು ಅಂತ ಹೇಳು.

ಅಮ್ಮ