ಹೆಂಡತಿ ಹೆಸರಿನ ಟಿಡಿಎಸ್ ವಾಪಸ್ ಕೇಳೋರೇ ಇಲ್ಲ

ಸಂಪಾದಕರೇ,

ಗಂಡ ಆದಾಯ ತೆರಿಗೆ ರಿಟರ್ನ್ ಹಾಕಿದ್ರೆ ಮನೆಯವರದ್ದೆಲ್ಲಾ ಮುಗೀತು ಅಂತ ಎಷ್ಟೋ ಮನೆಗಳಲ್ಲಿ ಅಂದ್ಕೊಂಡಿದಾರೆ, ಇದರಿಂದ ಹೆಂಡತಿ ಹೆಸರಲ್ಲಿ ಕಟ್ ಆದ ಟಿಡಿಎಸ್ (ಬಡ್ಡಿ ಕೊಡೋ ಮುಂಚೆನೇ ಬ್ಯಾಂಕ್ ಹಿಡ್ಕೊಳ್ಳೋ ತೆರಿಗೆ) ಹಾಗೇ ಉಳಿದುಬಿಡುತ್ತೆ. ನಮ್ಮ ದೇಶದಲ್ಲಿ ಗಂಡ ಹೆಂಡತಿ ಸೇರಿ ಒಂದೇ ರಿಟರ್ನ್ ಹಾಕೋಕೆ ಆಗಲ್ಲ, ಅವರವರ ಪ್ಯಾನ್ ಅವರವರಿಗೆ. ಎರಡು ವರ್ಷದ ಹಿಂದೆ ನಮ್ಮಮ್ಮ ತವರಿಂದ ಬಂದ ದುಡ್ಡನ್ನ ಅಪ್ಪನ ಜೊತೆ ಜಾಯಿಂಟ್ ಎಫ್‌ಡಿ ಇಟ್ಟಿದ್ರು, ಮೊದಲ ಹೆಸರು ಅಮ್ಮಂದೇ, ಬಡ್ಡಿ 60 ಸಾವಿರ ಬಂತು, 6 ಸಾವಿರ ಕಟ್ ಆಯ್ತು. ಅಪ್ಪ ತಮ್ಮ ಫಾರ್ಮ್ 26ಎಎಸ್‌ನಲ್ಲಿ (ಒಂದು ಪ್ಯಾನಲ್ಲಿ ಎಷ್ಟು ಟಿಡಿಎಸ್ ಕಟ್ ಆಗಿದೆ ಅಂತ ತೋರಿಸೋ ಪಟ್ಟಿ) ಹುಡುಕಿದ್ದೇ ಹುಡುಕಿದ್ದು, ಅದು ಅಮ್ಮನ ಪ್ಯಾನಲ್ಲಿ ಕೂತಿತ್ತು! ಅಮ್ಮಂಗೆ ಬೇರೆ ಆದಾಯನೇ ಇಲ್ಲ, ಅವರ ಹೆಸರಲ್ಲೇ ರಿಟರ್ನ್ ಹಾಕಿದ್ಮೇಲೆ ಪೂರ್ತಿ ದುಡ್ಡು ಅವರ ಖಾತೆಗೇ ಬಂತು. (ಗಂಡ ಕೊಟ್ಟ ದುಡ್ಡಾಗಿದ್ರೆ ಬಡ್ಡಿ ಗಂಡನ ಆದಾಯಕ್ಕೇ ಸೇರುತ್ತೆ, ಅದು ಬೇರೆ ವಿಷಯ.) ಎಫ್‌ಡಿ ಮಾಡುವಾಗಲೇ ಟಿಡಿಎಸ್ ಯಾರ ಪ್ಯಾನಿಗೆ ಹೋಗುತ್ತೆ ಅಂತ ಬ್ಯಾಂಕಿನವರು ರಸೀದಿ ಮೇಲೆ ಕನ್ನಡದಲ್ಲಿ ಪ್ರಿಂಟ್ ಮಾಡ್ಲಿ, ತೆರಿಗೆ ಬರದೇ ಇರೋರಿಗೆ ಟಿಡಿಎಸ್ ಹಿಡೀಬೇಡಿ ಅಂತ ಬರ್ಕೊಡೋ ಫಾರ್ಮನ್ನೂ ಕೌಂಟರಲ್ಲೇ ಕೈಗೆ ಕೊಡ್ಲಿ.

– ಓದುಗ, ತುಮಕೂರು